ಇನ್ನೊಂದು ಸಲ ಊದಲು ಕೇಳಿದ ಡ್ರೈವರ್

ಕೋರ್ಟ್ ವರದಿಗಾರಿಕೆಗೆ ಹೊಸದಾಗಿ ಬಂದವರು ನನ್ನನ್ನು ಹುಡುಕಿಕೊಂಡು ಬಂದರೆ ಮೊದಲು ಕೇಳುವುದು ಕೊಲೆ ಮೊಕದ್ದಮೆಗಳ ಬಗ್ಗೆ. ಚಿತ್ರದುರ್ಗ ಜಿಲ್ಲೆಯ ನ್ಯಾಯಾಲಯಗಳ ಹಿಂದಿನ ಬೆಂಚಿನಲ್ಲಿ ಕುಳಿತೇ ನನ್ನ ವೃತ್ತಿಜೀವನ ಕಳೆದದ್ದರಿಂದ ಅಂಥವನ್ನೂ ಬೇಕಾದಷ್ಟು ಬರೆದಿದ್ದೇನೆ. ಆದರೆ ಕೊಲೆ ಮೊಕದ್ದಮೆಯಲ್ಲಿ ನ್ಯಾಯಾಧೀಶರು, ವಕೀಲರು, ಪೊಲೀಸರು, ವರದಿಗಾರ ಎಲ್ಲರೂ ಎಚ್ಚರವಾಗಿರುತ್ತಾರೆ. ನ್ಯಾಯಾಲಯ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದರೆ ಯಾರೂ ಅಷ್ಟು ಎಚ್ಚರವಾಗಿರದ ಮೊಕದ್ದಮೆಗಳಲ್ಲಿ ಕೂರಬೇಕು. ಕುಡಿದು ವಾಹನ ಓಡಿಸಿದ ಆರೋಪದ ಮೊಕದ್ದಮೆಗಳು ಅಂಥವು.

ನಾನು ಕೆಲಸಕ್ಕೆ ಸೇರಿದಾಗ ಊದುವ ಯಂತ್ರ ನಮ್ಮ ಕಡೆಗೆ ಬಂದಿರಲಿಲ್ಲ. ಸಿಕ್ಕಿಬಿದ್ದವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ವೈದ್ಯರು ಬಾಯಿಯ ವಾಸನೆ ನೋಡಿ, ಕಣ್ಣಿಗೆ ಟಾರ್ಚ್ ಬಿಟ್ಟು, ನೆಲದ ಗೆರೆಯ ಮೇಲೆ ನಡೆಸಿ ಸರ್ಟಿಫಿಕೇಟ್ ಬರೆದುಕೊಡುತ್ತಿದ್ದರು. ಅದನ್ನು ಪ್ರಶ್ನಿಸುವುದು ವಕೀಲರಿಗೆ ಕಷ್ಟವಾಗಿರಲಿಲ್ಲ. ಹಿರಿಯೂರಿನ ನ್ಯಾಯಾಲಯದಲ್ಲಿ ಜವನಗೊಂಡನಹಳ್ಳಿ ಕಡೆಯ ಲಾರಿ ಡ್ರೈವರ್ ಒಬ್ಬನ ವಿಚಾರಣೆ ನಡೆದಿತ್ತು. ನಡಿಗೆ ಓಲಾಡುತ್ತಿತ್ತು ಎಂದು ವೈದ್ಯರು ಬರೆದಿದ್ದರು. ಅವನ ವಕೀಲರು ವಾದವನ್ನೇ ಮಾಡಲಿಲ್ಲ. ಆರೋಪಿ ಬಾಗಿಲಿನಿಂದ ಕಟಕಟೆಯವರೆಗೆ ಒಂದು ಸಲ ನಡೆದು ಬರಲಿ ಎಂದು ಕೋರಿದರು. ಹಿಂದೆಂದೋ ಲಾರಿ ಮೇಲಿಂದ ಬಿದ್ದು ಅವನ ಸೊಂಟದ ಮೂಳೆ ವಾರೆಯಾಗಿ ಕೂಡಿಕೊಂಡಿತ್ತು. ಓಲಾಡುತ್ತಲೇ ಬಂದು ನಿಂತ.

ಮ್ಯಾಜಿಸ್ಟ್ರೇಟರು ಕೇಳಿದರು, "ಏನಪ್ಪ, ಇವತ್ತೂ ಕುಡಿದಿದ್ದೀಯಾ?"

"ಇನ್ನೂ ಇಲ್ಲ ಸ್ವಾಮಿ" ಎಂದ.

ಆ ಮಾತನ್ನು ಸೇರಿಸಿಯೇ ವರದಿ ಕಳಿಸಿದೆ. ನಮ್ಮ ಸುದ್ದಿ ಸಂಪಾದಕರು ಅದನ್ನು ಹೊಡೆದುಹಾಕಿ, ಫೋನ್ ಮಾಡಿ ಹೇಳಿದರು: "ನಗು ಬಂದದ್ದನ್ನು ಊಟದ ಹೊತ್ತಿಗೆ ನಮಗೆ ಹೇಳ್ರಿ. ಓದುಗನಿಗೆ ತೀರ್ಪು ಸಾಕು." ಅವರು ಯಾರನ್ನೂ ಗದರಿಸಿದವರಲ್ಲ. ವರದಿಯ ಪ್ರತಿ ವಾಕ್ಯದ ಪಕ್ಕದಲ್ಲೂ 'ಯಾರು ಹೇಳಿದ್ದು?' ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕೊಡುತ್ತಿದ್ದರು. ನಾನು ಕಲಿತದ್ದು ಆ ಎರಡು ಪದಗಳಿಂದ.

ಆಮೇಲೆ ಯಂತ್ರ ಬಂತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ಮೇಲೊಂದು ಪ್ಲಾಸ್ಟಿಕ್ ಪೈಪು. ಊದಿದರೆ ಅಂಕಿ ತೋರಿಸಿ, ಚೀಟಿ ಮುದ್ರಿಸಿ ಕೊಡುತ್ತಿತ್ತು. ವೈದ್ಯರ ಮಾತನ್ನು ಅನುಮಾನಿಸುತ್ತಿದ್ದ ನ್ಯಾಯಾಲಯದಲ್ಲಿ ಯಂತ್ರದ ಅಂಕಿಯನ್ನು ಯಾರೂ ಅನುಮಾನಿಸಲಿಲ್ಲ. ಸಿಕ್ಕಿಬಿದ್ದ ಡ್ರೈವರುಗಳು ಬೆಳಿಗ್ಗೆ ಸಾಲಾಗಿ ನಿಂತು 'ತಪ್ಪಾಯ್ತು' ಎಂದು ಹೇಳಿ, ದಂಡ ಕಟ್ಟಿ, ಟೀ ಅಂಗಡಿಗೆ ಹೋಗುತ್ತಿದ್ದರು. ಕೆಲವು ವಕೀಲರು ಯಂತ್ರವನ್ನು ಸಕಾಲಕ್ಕೆ ಪರೀಕ್ಷೆ ಮಾಡಿಸಿದ ಪ್ರಮಾಣಪತ್ರ ಎಲ್ಲಿದೆ ಎಂದು ಕೇಳಲು ಕಲಿತರು. ಅದು ಸಿಗದಿದ್ದರೆ ಆರೋಪಿ ಬಿಡುಗಡೆಯಾಗುತ್ತಿದ್ದ. ಅಂಥ ಬಿಡುಗಡೆಯಿಂದ ಅವನು ಕುಡಿದಿದ್ದನೋ ಇಲ್ಲವೋ ಎಂಬುದು ತಿಳಿಯುತ್ತಿರಲಿಲ್ಲ. ಹೊಸಬರು ಇದನ್ನು ನೆನಪಿಡಬೇಕು. ಮುಂದೆ ಹೇಳುವುದಕ್ಕೂ ಇದಕ್ಕೂ ಸಂಬಂಧವಿದೆ.

ಮೈಲಾರಪ್ಪ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಕಡೆಯವರು. ಅಣ್ಣತಮ್ಮಂದಿರು ಕುರಿ ಸಾಕುತ್ತಿದ್ದರು. ಇವರೊಬ್ಬರು ಸ್ಟೇರಿಂಗ್ ಹಿಡಿದಿದ್ದರು. ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಬರುವ ಖಾಸಗಿ ಬಸ್ಸು ಅವರದು. ಇ-ಮೇಲ್ ಬರುವ ಮೊದಲು ಹೊಸದುರ್ಗದ ಸುದ್ದಿ, ಫೋಟೊಗಳ ಕವರು ಆ ಬಸ್ಸಿನಲ್ಲೇ ನಮ್ಮ ಕಚೇರಿಗೆ ಬರುತ್ತಿತ್ತು. ಕವರನ್ನು ಕನ್ನಡಿಯ ಹಿಂದೆ ಸಿಕ್ಕಿಸಿಕೊಂಡು ಬಂದು, ನಾವು ಹೋಗುವುದು ತಡವಾದರೆ "ಪೇಪರ್‌ನೋರು ಇನ್ನೂ ಎದ್ದಿಲ್ಲೇನೋ" ಎನ್ನುತ್ತಿದ್ದರು. ಅವರ ಬಗ್ಗೆ ನನಗೆ ಗೊತ್ತಿದ್ದ ಇನ್ನೊಂದು ಸಂಗತಿ ಎಂದರೆ ಎಂಜಲು ಅವರಿಗೆ ಆಗದು. ಲೋಟವನ್ನು ತುಟಿಗೆ ತಾಗಿಸದೆ ಮೇಲೆತ್ತಿ ಟೀ ಕುಡಿಯುತ್ತಿದ್ದರು. ಸೀಟಿನ ಹಿಂದಿದ್ದ ನೀರಿನ ಬಾಟಲಿಯನ್ನು ಕಂಡಕ್ಟರ್ ಕೂಡ ಮುಟ್ಟುವಂತಿರಲಿಲ್ಲ. ಅವರ ಮನೆಯಲ್ಲಿ ಎಲ್ಲರೂ ಹಾಗೆಯೇ ಎಂದು ಕೇಳಿದ್ದೆ.

ಒಂದು ಬೆಳಿಗ್ಗೆ ಹೊಳಲ್ಕೆರೆ ಹೊರಗೆ ಪೊಲೀಸರು ವಾಹನ ತಪಾಸಣೆ ನಡೆಸುತ್ತಿದ್ದರು. ಮೈಲಾರಪ್ಪನವರ ಬಸ್ಸನ್ನೂ ನಿಲ್ಲಿಸಿದರು. ಅಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ನ್ಯಾಯಾಲಯದಲ್ಲಿ ಎರಡೂ ಕಡೆಯವರು ಒಪ್ಪಿದ ಸಂಗತಿ ಇಷ್ಟು: ಡ್ರೈವರ್ ಊದಿದರು; ಯಂತ್ರ ಕಾನೂನಿನ ಮಿತಿ ದಾಟಿದ ಅಂಕಿ ತೋರಿಸಿತು; "ನಾನು ಕುಡಿದಿಲ್ಲ, ಇನ್ನೊಂದ್ಸಲ ಊದ್ತೀನಿ ಕೊಡ್ರಿ" ಎಂದು ಡ್ರೈವರ್ ಕೇಳಿದರು; "ಮಿಷನ್ನು ಸುಳ್ಳು ಹೇಳಲ್ಲ, ಇಳಿ ಕೆಳಗೆ" ಎಂದು ಸಬ್ ಇನ್ಸ್‌ಪೆಕ್ಟರ್ ಹೇಳಿದರು. ರಕ್ತ ಪರೀಕ್ಷೆ ಮಾಡಿಸಲಿಲ್ಲ. ಪ್ರಯಾಣಿಕರನ್ನು ಹಿಂದೆ ಬಂದ ಬಸ್ಸಿಗೆ ಹತ್ತಿಸಿದರು. ಹತ್ತುವಾಗ ಒಬ್ಬಾಕೆ "ಬೆಳಿಗ್ಗೆನೇ ಏರ್ಸಿದಾನೆ ನೋಡು, ನಾವೆಲ್ಲಾ ಇವತ್ತು ಹೋಗ್ತಿದ್ವಿ" ಎಂದಳೆಂದು ಕಂಡಕ್ಟರ್ ಸಾಕ್ಷಿ ನುಡಿದ. ಅದು ಮೊಕದ್ದಮೆಗೆ ಬೇಕಿರಲಿಲ್ಲ. ಆದರೂ ದಾಖಲಾಯಿತು.

ತಪ್ಪು ಒಪ್ಪಿಕೊಳ್ಳುವ ದಿನ ನಾನು ಹೊಳಲ್ಕೆರೆ ನ್ಯಾಯಾಲಯದಲ್ಲಿದ್ದೆ. ಸಾಲಿನಲ್ಲಿ ಮುಂದಿದ್ದವರೆಲ್ಲ ಒಪ್ಪಿಕೊಂಡು ಹೊರಗೆ ಹೋದರು. ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬ ಡ್ರೈವರ್ ಮೆಲ್ಲಗೆ ಕರೆದ, "ಏ ಮೈಲಾರಣ್ಣ, ಒಪ್ಕಂಡು ಬಾರಣ್ಣ, ಟೀ ಕುಡಿಯಾಣ."

"ತಪ್ಪು ಒಪ್ಪಿಕೊಳ್ತೀರಾ?" ಎಂದು ಮ್ಯಾಜಿಸ್ಟ್ರೇಟ್ ಕೇಳಿದರು. ಅವರು ಹೊಸದಾಗಿ ಬಂದಿದ್ದ ಮಹಿಳೆ, ಮಾತು ಕಡಿಮೆ.

"ಕುಡಿದಿದ್ರೆ ಒಪ್ಕಂತಿದ್ದೆ ಮೇಡಂ."

ಅಂದಿನಿಂದ ಬಸ್ಸಿನ ಕೆಲಸ ನಿಂತಿತು. ಮಾಲೀಕರ ನಿಲುವು ಸ್ಪಷ್ಟವಾಗಿತ್ತು. ಕುಡಿದು ಓಡಿಸಿದ ಎಂದು ಕೇಸಾದವನಿಗೆ ಜನ ತುಂಬಿದ ಬಸ್ಸು ಕೊಡುವಂತಿಲ್ಲ. ಲೈಸೆನ್ಸೂ ಉಳಿಯುವ ಭರವಸೆಯಿರಲಿಲ್ಲ. ಕೇಸು ಗೆದ್ದು ಬಂದರೆ ಸ್ಟೇರಿಂಗ್ ಕೊಡುವುದಾಗಿ ಹೇಳಿದರು. ಅಲ್ಲಿಯವರೆಗೆ ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಕರೆಯುವ ಏಜೆಂಟನ ಕೆಲಸ. ತಾವೇ ಓಡಿಸುತ್ತಿದ್ದ ಬಸ್ಸಿನ ಬಾಗಿಲಲ್ಲಿ ನಿಂತು "ದುರ್ಗ ದುರ್ಗ ದುರ್ಗ" ಎಂದು ಕೂಗುತ್ತಿದ್ದರು. ಬಸ್ಸು ಹೊರಟಾಗ ಅದರ ಮೈಗೆ ಎರಡು ತಟ್ಟಿ ಕಳಿಸುತ್ತಿದ್ದರು. ಹೊಸ ಡ್ರೈವರ್ ಗೇರ್ ಬದಲಿಸುವ ಸದ್ದು ಕೇಳಿ ಮುಖ ಕಿವುಚುವುದನ್ನು ನಾನೇ ಕಂಡಿದ್ದೇನೆ.

ಅವರ ಪರ ವಕೀಲರು ಚಿತ್ರದುರ್ಗದ ಖಲೀಲ್ ಸಾಹೇಬರು, ಹಳೆಯ ಜವಳಿ ವ್ಯಾಪಾರಸ್ಥರ ಮನೆಯವರು. ಒಂದು ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರುವುದು ಅವರ ಕ್ರಮ. ಆ ಮೌನ ತಡೆಯಲಾರದೆ ಸಾಕ್ಷಿಗಳು ಇನ್ನೊಂದಿಷ್ಟು ಹೇಳಿಬಿಡುತ್ತಿದ್ದರು. ಈ ಮೊಕದ್ದಮೆಯಲ್ಲಿ ಅವರಿಗೆ ಮಾಮೂಲಿ ದಾರಿ ಮುಚ್ಚಿತ್ತು. ಯಂತ್ರದ ಪ್ರಮಾಣಪತ್ರ ಸರಿಯಾಗಿತ್ತು, ಚೀಟಿ ಸರಿಯಾಗಿತ್ತು, ಸಹಿಗಳೂ ಸರಿಯಾಗಿದ್ದವು. ಮಧ್ಯಾಹ್ನದ ವಿರಾಮದಲ್ಲಿ ಅವರನ್ನು ಕೇಳಿದೆ, "ಏನು ಉಳಿದಿದೆ ಸಾಹೇಬ್ರೆ?"

"ಇಬ್ಬರು ಉಳಿದಿದಾರೆ" ಎಂದರು. "ಊದಿದವನು, ಊದಿಸಿದವನು."

ಊದಿಸಿದವರು ರುದ್ರಮುನಿ ಎಂಬ ಕಾನ್‌ಸ್ಟೇಬಲ್. ಹಣೆಯ ತುಂಬ ವಿಭೂತಿ, ಇಸ್ತ್ರಿ ಕೆಡದ ಸಮವಸ್ತ್ರ. ಠಾಣೆಯಲ್ಲಿ ಅವರನ್ನು 'ಸ್ವಾಮಿಗಳು' ಎಂದು ಚುಡಾಯಿಸುತ್ತಿದ್ದರು. ಪ್ರಮಾಣಪತ್ರಕ್ಕೆ ಸಂಬಂಧಿಸಿದಂತೆ ಯಂತ್ರವನ್ನು ಹಾಜರುಪಡಿಸಬೇಕಿದ್ದರಿಂದ, ತಪಾಸಣೆಗೆ ಒಯ್ಯುವ ಚೀಲವನ್ನೇ ತಂದು ಮೇಜಿನ ಮೇಲಿಟ್ಟಿದ್ದರು. ಖಲೀಲ್ ಸಾಹೇಬರು ಪಾಟೀ ಸವಾಲಿಗೆ ಎದ್ದರು.

"ಇವರಿಗಿಂತ ಮುಂಚೆ ಅದೇ ಪೈಪಿನಲ್ಲಿ ಬೇರೆಯವರು ಊದಿದ್ದರಾ?"

"ಹೌದು ಸಾರ್. ಅವತ್ತು ಹೊಸ ಪೈಪು ಖಾಲಿಯಾಗಿದ್ವು."

"ಅಂದರೆ ಇನ್ನೊಬ್ಬರ ಎಂಜಲು ಪೈಪನ್ನೇ ಇವರ ಬಾಯಿಗೆ ಕೊಟ್ಟಿರಿ."

ಅದು ಅವಮಾನಿಸಲು ಕೇಳಿದ ಪ್ರಶ್ನೆಯೇ ಹೊರತು ಅದರ ಹಿಂದೆ ಬೇರೇನೂ ಇರಲಿಲ್ಲ ಎಂದು ಖಲೀಲ್ ಸಾಹೇಬರೇ ಆಮೇಲೆ ಹೇಳಿದರು. ಕೇಳಿ ಸುಮ್ಮನೆ ನಿಂತರು. ರುದ್ರಮುನಿಯವರ ಮುಖ ಕೆಂಪಾಯಿತು.

"ನಾನು ಹಂಗೆ ಕೊಡೋನಲ್ಲ ಸಾರ್. ಎಂಜಲಿಗೆ ಬಾಯಿ ಇಡಲ್ಲ ಅಂದ್ರು ಅವರು. ನನಗೂ ಅದು ಸರಿ ಅನ್ನಿಸ್ತು. ಹತ್ತಿಗೆ ಸ್ಪಿರಿಟ್ ಹಾಕಿ ಹೊರಗೆಲ್ಲಾ ಒರೆಸಿದೆ. ಒಳಗೂ ಒಂದಿಷ್ಟು ಬಿಟ್ಟು ಅಲ್ಲಾಡಿಸಿ ಚೆಲ್ಲಿದೆ. ಅವರ ಎದುರಿಗೇ ಮಾಡಿದ್ದು, ಕೇಳ್ರಿ ಬೇಕಾದ್ರೆ."

"ಯಾವ ಸ್ಪಿರಿಟ್?"

"ಆಸ್ಪತ್ರೇಲಿ ಇಂಜೆಕ್ಷನ್ ಕೊಡೋಕೆ ಮುಂಚೆ ಹಚ್ತಾರಲ್ಲ, ಅದು."

"ಆರೋಕೆ ಬಿಟ್ಟಿರಾ?"

"ಬಸ್ಸಿನೋರು ಕೂಗಾಡ್ತಿದ್ರು ಸಾರ್. ತಕ್ಷಣ ಊದಿಸ್ದೆ."

"ಮುಂಚೆ ಊದಿದವರಿಗೂ ಹೀಗೆ ಒರೆಸಿ ಕೊಟ್ಟಿರಾ?"

"ಅವರು ಯಾರೂ ಕೇಳ್ಲಿಲ್ಲ."

ಟೈಪಿಸ್ಟ್ ತಲೆಯೆತ್ತಿ ಮ್ಯಾಜಿಸ್ಟ್ರೇಟರನ್ನು ನೋಡಿದ. ಮ್ಯಾಜಿಸ್ಟ್ರೇಟ್ ತಾವೇ ಪೆನ್ನು ತೆಗೆದುಕೊಂಡಿದ್ದರು. ಸ್ಪಿರಿಟ್ ಎಂದರೆ ಮದ್ಯದ ಸಾರವೇ. ಯಂತ್ರ ಅಳೆಯುವುದು ಅದನ್ನು ಮಾತ್ರ. ಅದು ಊದಿದವನ ಒಳಗಿನಿಂದ ಬಂತೋ ಪೈಪಿನಿಂದ ಬಂತೋ ಎಂಬುದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಕಾನ್‌ಸ್ಟೇಬಲ್‌ಗೆ ಇದು ಹೊಳೆದಿರಲಿಲ್ಲ. ಅವರ ಮಟ್ಟಿಗೆ ಸ್ಪಿರಿಟ್ ಎಂದರೆ ಶುದ್ಧ ಮಾಡುವ ಔಷಧಿ. ಮೈಲಾರಪ್ಪನವರೂ ಇದನ್ನು ವಕೀಲರಿಗೆ ಹೇಳಿರಲಿಲ್ಲ. ಏಕೆಂದು ನಾನು ಕೇಳಿದಾಗ ಅವರು ಹೇಳಿದ್ದು: "ಆ ಮನುಷ್ಯ ಮರ್ಯಾದೆಯಿಂದ ಒರೆಸಿಕೊಟ್ಟಿದ್ದ. ಅದನ್ನ ದೂರಾಗಿ ಹೆಂಗೆ ಹೇಳಾದು?"

ಸರ್ಕಾರಿ ವಕೀಲರು ಎದ್ದು, ಅಷ್ಟು ಸ್ಪಿರಿಟ್‌ಗೆ ಮಿತಿ ದಾಟುವ ಅಂಕಿ ಬರಲಾರದು, ಇದು ಬರೀ ಊಹೆ ಎಂದರು. ಹಾಗಿದ್ದರೆ ಇಲ್ಲೇ ನೋಡಿಬಿಡಬಹುದು, ಯಂತ್ರವೂ ಇದೆ, ಅದೇ ಸ್ಪಿರಿಟ್ ಬಾಟಲಿಯೂ ಚೀಲದಲ್ಲಿದೆ ಎಂದು ಖಲೀಲ್ ಸಾಹೇಬರು ಹೇಳಿದರು. ಮ್ಯಾಜಿಸ್ಟ್ರೇಟ್ ಯೋಚಿಸುತ್ತಿದ್ದಾಗ ಸಾಹೇಬರು ಮೈಲಾರಪ್ಪ ನಿಂತಿದ್ದ ಕಟಕಟೆಯ ಹತ್ತಿರ ಹೋಗಿ ಬಗ್ಗಿದರು. ನನ್ನ ಬೆಂಚು ಅದರ ಹಿಂದೆಯೇ ಇತ್ತು.

"ನೋಡಪ್ಪ, ಸ್ಪಿರಿಟ್ ಹಾಕಿ ಊದಿದ ಮೇಲೂ ಸೊನ್ನೆ ಬಂದರೆ ನಿನ್ನ ಕಥೆ ಇಲ್ಲಿಗೇ ಮುಗಿಯುತ್ತೆ. ಬೇಡ ಅಂದರೆ ಈಗಲೇ ಕೂರ್ತೀನಿ, ಅನುಮಾನದ ಮೇಲೆ ವಾದ ಮಾಡ್ತೀನಿ."

"ನೀವೇನಂತೀರಿ ಸಾಹೇಬ್ರೆ?"

"ನಾನು ಯಂತ್ರ ನಂಬೋನಲ್ಲ. ನಿನ್ನನ್ನೂ ಅಷ್ಟೇ."

"ಊದಿಸ್ರಿ" ಎಂದರು ಮೈಲಾರಪ್ಪ.

ಮ್ಯಾಜಿಸ್ಟ್ರೇಟ್ ಅನುಮತಿ ಕೊಟ್ಟರು. ರುದ್ರಮುನಿ ಅಂದು ಮಾಡಿದಂತೆಯೇ, ಒಂದಿಷ್ಟೂ ಕಡಿಮೆ ಮಾಡದೆ, ಹತ್ತಿಗೆ ಸ್ಪಿರಿಟ್ ಹಾಕಿ ಪೈಪನ್ನು ಒರೆಸಿದರು, ಒಳಗೂ ಬಿಟ್ಟು ಅಲ್ಲಾಡಿಸಿದರು. ತಾವೇ ಊದಿದರು. ಯಂತ್ರ ಕೀಂ ಎಂದು ಕೂಗಿತು. ಅಂಕಿ ಮಿತಿ ದಾಟಿತ್ತು. ಮೈಲಾರಪ್ಪನವರಿಗೆ ಬಂದದ್ದಕ್ಕಿಂತ ಸ್ವಲ್ಪ ಹೆಚ್ಚೇ.

"ಲೇ, ಸ್ವಾಮಿಗಳು ಏರ್ಸ್ಕಂಡ್ ಬಂದವ್ರೆ" ಎಂದು ಬಾಗಿಲ ಹೊರಗಿನಿಂದ ಯಾರೋ ಅಂದರು. ಒಳಗೂ ನಗು ಹಬ್ಬಿತು. ಮ್ಯಾಜಿಸ್ಟ್ರೇಟ್ ಕತ್ತೆತ್ತಿದ ಮೇಲೆ ನಿಂತಿತು.

ರುದ್ರಮುನಿ ಎರಡೂ ಕೈ ಕಟ್ಟಿಕೊಂಡು ಹೇಳಿದರು, "ಮೇಡಂ, ನಾನು ಜೀವಮಾನದಲ್ಲಿ ಮುಟ್ಟಿದೋನಲ್ಲ. ಇನ್ನೊಂದ್ಸಲ ಊದ್ತೀನಿ, ಅವಕಾಶ ಕೊಡ್ರಿ."

ಕೊಟ್ಟರು. ಬಾಯಿ ಮುಕ್ಕಳಿಸಿ ಬರಲು ಹೇಳಿ, ಸ್ವಲ್ಪ ಹೊತ್ತು ಕೂರಿಸಿ, ಚೀಲದಲ್ಲಿದ್ದ ಹೊಸ ಪೈಪಿನ ಹೊದಿಕೆ ಬಿಚ್ಚಿಸಿ ಊದಿಸಿದರು. ಸೊನ್ನೆ ಬಂತು. ರುದ್ರಮುನಿ ಮುಖ ಒರೆಸಿಕೊಂಡರು. ವಿಭೂತಿ ಅಳಿಸಿಹೋಯಿತು. ಮೈಲಾರಪ್ಪ ಕಟಕಟೆಯಲ್ಲಿ ನಿಂತು ಕಿಟಕಿಯ ಕಡೆ ನೋಡುತ್ತಿದ್ದರು.

ಸಂಜೆ ಕಚೇರಿಯಲ್ಲಿ ವರದಿ ಬರೆದೆ. ಡೆಸ್ಕಿನಲ್ಲಿದ್ದವರೊಬ್ಬರು ಅದಕ್ಕೆ 'ನ್ಯಾಯಾಲಯದಲ್ಲೇ ಪೇದೆ ಮತ್ತ' ಎಂದು ತಲೆಬರಹ ಕೊಟ್ಟು ಖುಷಿಯಾಗಿದ್ದರು. ಸುದ್ದಿ ಸಂಪಾದಕರು ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಪಕ್ಕದಲ್ಲಿ ಎಂದಿನಂತೆ 'ಯಾರು ಹೇಳಿದ್ದು?' ಎಂದು ಬರೆದರು. ಡೆಸ್ಕಿನವರು "ಮಿಷನ್ನೇ ಹೇಳಿತಲ್ಲ ಸಾರ್" ಎಂದರು. "ಅದಕ್ಕೇ ಅಲ್ಲವೇನ್ರಿ ಈ ಕೇಸು ನಡೀತಿರೋದು" ಎಂದು ಅವರು ತಲೆಬರಹ ಬದಲಿಸಿದರು.

ತೀರ್ಪು ಬಂದದ್ದು ಕೆಲವು ವಾರಗಳ ನಂತರ. ಯಂತ್ರದ ಅಂಕಿಯನ್ನು ನೆಚ್ಚಲಾಗದು, ರಕ್ತ ಪರೀಕ್ಷೆ ಮಾಡಿಸಿಲ್ಲ, ಮರುಪರೀಕ್ಷೆ ಕೇಳಿದಾಗ ಕೊಟ್ಟಿಲ್ಲ; ಆದ್ದರಿಂದ ಆರೋಪ ಸಂಶಯಾತೀತವಾಗಿ ಸಾಬೀತಾಗಿಲ್ಲ, ಆರೋಪಿಯನ್ನು ಬಿಡುಗಡೆ ಮಾಡಿದೆ. ಅಂಗಳದಲ್ಲಿ ಮೈಲಾರಪ್ಪ ನನ್ನ ಹತ್ತಿರ ಬಂದರು.

"ಕುಡಿದಿರ್ಲಿಲ್ಲ ಅಂತ ಬರೆದವ್ರೇನ್ರಿ ತೀರ್ಪಿನಾಗೆ?"

"ಸಾಬೀತಾಗಿಲ್ಲ ಅಂತ ಬರೆದಿದ್ದಾರೆ."

"ನೀವು ಏನಂತ ಹಾಕ್ತೀರಿ ಪೇಪರ್‌ನಾಗೆ?"

"ಅವರು ಬರೆದದ್ದನ್ನೇ."

"ಎಷ್ಟು ವರ್ಷ ನಿಮ್ಮ ಕವರ್ ತಂದೀನಿ. ಬಾಯಿ ವಾಸನೆ ಬಂದಿತ್ತೇನ್ರಿ ಒಂದಿನನಾದ್ರೂ?"

"ಇಲ್ಲ. ಆದರೆ ಆ ಬೆಳಿಗ್ಗೆ ನಾನಲ್ಲಿರಲಿಲ್ಲ."

"ಅದೂ ಸರಿನೇ" ಎಂದರು. ಹೋಗುತ್ತಿದ್ದವರು ತಿರುಗಿ ನಿಂತರು. "ರುದ್ರಮುನಿಯವ್ರಿಗೆ ಇನ್ನೊಂದ್ಸಲ ಊದಾಕೆ ಕೊಟ್ರು. ಸೊನ್ನೆ ಬಂತು, ಮುಗೀತು. ನಾನೂ ಅದನ್ನೇ ಕೇಳಿದ್ದೆ. ಈಗ ಎಷ್ಟು ಊದಿದ್ರೂ ಆ ಬೆಳಿಗ್ಗೆ ಸೊನ್ನೆ ಬರಲ್ಲ, ಅಲ್ಲೇನ್ರಿ?"

ವರದಿಯಲ್ಲಿ 'ಆರೋಪ ಸಾಬೀತಾಗಿಲ್ಲ: ಬಸ್ ಚಾಲಕ ಬಿಡುಗಡೆ' ಎಂದೇ ಹೋಯಿತು. ಇಂದು ಬರೆದರೂ ಹಾಗೆಯೇ ಬರೆಯುತ್ತೇನೆ.

ಮಾಲೀಕರು ಕೊಟ್ಟ ಮಾತಿನಂತೆ ಬಸ್ಸು ಕೊಟ್ಟರು. ಆದರೆ ಬಸ್ ನಿಲ್ದಾಣದ ಮಾತು ತೀರ್ಪಿಗೆ ಕಾಯುವುದಿಲ್ಲ, ತೀರ್ಪು ಬಂದ ಮೇಲೆ ನಿಲ್ಲುವುದೂ ಇಲ್ಲ. "ವಕೀಲ ಜೋರಿದ್ದ, ಬಚಾವಾದ" ಎನ್ನುವವರಿದ್ದರು. ಹತ್ತುವಾಗ ಡ್ರೈವರ್ ಸೀಟಿನ ಕಡೆ ಮೂಗು ಅರಳಿಸಿ ನೋಡುವವರೂ ಇದ್ದರು. ಹೀಗೇ ಆದರೆ ಡಿಪೊದಲ್ಲಿ ಬೇರೆ ಕೆಲಸ ನೋಡೋಣ ಎಂದು ಮಾಲೀಕರು ಒಂದೆರಡು ಸಲ ಅಂದಿದ್ದರಂತೆ.

ಒಂದು ಬೆಳಿಗ್ಗೆ ಹೊಸದುರ್ಗದಿಂದ ಅದೇ ಬಸ್ಸಿನಲ್ಲಿ ಬರುತ್ತಿದ್ದೆ. ಹೊಳಲ್ಕೆರೆ ಹೊರಗೆ ತಪಾಸಣೆಯಿತ್ತು. ಬಸ್ಸು ನಿಂತಿತು. ಡ್ರೈವರ್ ಪಕ್ಕದ ಬಾಗಿಲ ಹತ್ತಿರ ರುದ್ರಮುನಿ ಬಂದು ನಿಂತರು. ಹಿಂದಿನ ಸೀಟಿನಲ್ಲಿ ಯಾರೋ "ಹಿಡಿದ್ರು ನೋಡು ಮತ್ತೆ" ಎಂದರು.

ರುದ್ರಮುನಿ ಜೇಬಿನಿಂದ ಹೊದಿಕೆ ಬಿಚ್ಚದ ಪೈಪು ತೆಗೆದು ಮೇಲೆತ್ತಿ ತೋರಿಸಿದರು. "ಯಾರೂ ಬಾಯಿ ಇಟ್ಟಿಲ್ಲ. ನೀವೇ ಬಿಚ್ರಿ."

"ನನಗೇ ಯಾಕ್ರಿ? ನನ್ನ ಮುಂದಿದ್ದ ಬಸ್ ಹಂಗೇ ಬಿಟ್ರಿ."

"ಅವತ್ತು ಇನ್ನೊಂದ್ಸಲ ಕೇಳಿದ್ರಲ್ಲ" ಎಂದರು ರುದ್ರಮುನಿ. "ಊದ್ರಿ."

ಮೈಲಾರಪ್ಪ ಹೊದಿಕೆ ಬಿಚ್ಚಿ, ಪೈಪನ್ನು ತಾವೇ ಸಿಕ್ಕಿಸಿ, ಊದಿದರು. ರುದ್ರಮುನಿ ಅಂಕಿ ನೋಡಿ, ಬಸ್ಸಿನ ಮುಂಬಾಗಿಲಿಗೆ ಸುತ್ತಿಬಂದು ಒಳಗೆ ಹತ್ತಿದರು. ಯಂತ್ರವನ್ನು ಪ್ರಯಾಣಿಕರ ಕಡೆ ತಿರುಗಿಸಿ ಹಿಡಿದರು. "ಸೊನ್ನೆ ಐತೆ. ಕಾಣಿಸ್ತೇನ್ರಮ್ಮ? ಹಿಂದಿನೋರು ನೋಡ್ಕಳ್ರಿ." ಕೊನೆಯ ಸೀಟಿನವರೆಗೂ ನಡೆದುಹೋಗಿ, ಅಲ್ಲಿದ್ದವರಿಗೂ ತೋರಿಸಿ, ಇಳಿದರು. ನನಗೂ ತೋರಿಸಿದರು.

ಮೈಲಾರಪ್ಪ ಗೇರ್ ಹಾಕಿದರು. ಸದ್ದೇ ಆಗಲಿಲ್ಲ.

ಕಚೇರಿಗೆ ಬಂದಾಗ ಸುದ್ದಿ ಸಂಪಾದಕರು ಹೊಸದುರ್ಗದ ಕಡೆ ಏನಾದರೂ ಇದೆಯೇ ಎಂದು ಕೇಳಿದರು. ದಾರಿಯಲ್ಲಿ ಒಬ್ಬ ಡ್ರೈವರ್ ಊದಿದ, ಸೊನ್ನೆ ಬಂತು ಎಂದೆ. ಕುಡಿಯದೆ ಬಸ್ಸು ಓಡಿಸಿದ್ದು ಸುದ್ದಿಯಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವರು ತಲೆಯಾಡಿಸಿ ಕೆಲಸಕ್ಕೆ ತಿರುಗಿದರು. ಯಾರು ಹೇಳಿದ್ದು ಎಂದು ಮಾತ್ರ ಆ ದಿನ ಕೇಳಲಿಲ್ಲ.